ನೀರಿನ ಸೊಸೆಯ ರೇಶನ್ ಕಾರ್ಡು

ಇಚಲಕರಂಜಿಯ ಪರಸ್ಥಳ ವಧು ನೋಂದಣಿ ಕಚೇರಿ ಸ್ಥಾಪನೆಯಾಗಿ ಆರು ವರ್ಷ ಸಂದಿದ್ದರೂ ಅದರ ಕಾರ್ಯದಲ್ಲಿ ಒಂದೇ ಒಂದು ತಪ್ಪು ಕಂಡುಬಂದಿರಲಿಲ್ಲ. ಆ ಆರು ವರ್ಷಗಳಲ್ಲಿ ಅದು ಒಬ್ಬ ವಧುವನ್ನೂ ನೋಂದಾಯಿಸಿರಲಿಲ್ಲವಾದ್ದರಿಂದ ತಪ್ಪಿಗೆ ಆಸ್ಪದವೇ ಇರಲಿಲ್ಲ. ಬೇರೆ ಊರಿನಿಂದ, ವಿಶೇಷವಾಗಿ ಗಡಿಯಾಚೆಯ ಹಳ್ಳಿಗಳಿಂದ, ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರನ್ನು ಗಂಡನ ಮನೆಯ ರೇಶನ್ ಕಾರ್ಡಿಗೆ ಏರಿಸುವುದು ಕಚೇರಿಯ ಉದ್ದೇಶ. ನಾನೂರಾ ಹನ್ನೆರಡು ಅರ್ಜಿಗಳು ಬಂದಿದ್ದವು. ಎಲ್ಲವೂ ಪರಿಶೀಲನೆಯಲ್ಲಿದ್ದವು. ಕೆಲವು ವಧುಗಳು ಮೂರು ಮಕ್ಕಳ ತಾಯಂದಿರಾಗಿ, ಕಿರಿಯದನ್ನು ಸೊಂಟದ ಮೇಲೆ ಕೂಡಿಸಿಕೊಂಡು, 'ನೂತನ ವಧು' ಎಂದು ಬರೆದ ಫಲಕದ ಕೆಳಗೆ ಪಾಳಿ ಹಚ್ಚುತ್ತಿದ್ದರು. ಇದನ್ನು ಯಾರೂ ವಿಚಿತ್ರವೆಂದು ತಿಳಿದಿರಲಿಲ್ಲ.

೧೯೮೧ರ ಜೂನ್ ಒಂದು, ಸೋಮವಾರ, ಕಚೇರಿಗೆ ನಾನೂರಾ ಹದಿಮೂರನೆಯ ಅರ್ಜಿ ಬಂತು. ಅರ್ಜಿದಾರ ಕಾಡಸಿದ್ದ, ವಯಸ್ಸು ಇಪ್ಪತ್ತೊಂದು, ಶಹಾಪುರದ ಒಂದು ಶೆಡ್ಡಿನಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುವವನು. ತಂದೆ ಇಲ್ಲ. ತಾಯಿ ದುರ್ಗವ್ವ ಅದೇ ಶೆಡ್ಡಿನಲ್ಲಿ ನೂಲು ಸುತ್ತುವವಳು. ವಧು ಒಬ್ಬ ಆಸರಾ.

ಆಸರಾ ಎಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನದಿಯ ಮಡುವಿನಲ್ಲಿ ವಾಸಿಸುವ ಏಳು ಜನ ಅಕ್ಕತಂಗಿಯರು. ವಯಸ್ಸಾಗುವುದಿಲ್ಲ, ನೆಲಕ್ಕೆ ಕಾಲು ತಾಗುವುದಿಲ್ಲ, ನೆರಳು ಬೀಳುವುದಿಲ್ಲ. ಹಿರಣ್ಯಕೇಶಿ ನದಿಯಲ್ಲಿ ಇಂಥ ಏಳು ಜನರಿದ್ದರು. ಕಾಡಸಿದ್ದ ಕಂಡದ್ದು ಕಿರಿಯವಳನ್ನು.

ಅವನು ಬೇಸಿಗೆಯಲ್ಲಿ ಗಡಹಿಂಗ್ಲಜದ ಹತ್ತಿರದ ಹಳ್ಳಿಗೆ, ಸೋದರಮಾವ ಹಣಮಪ್ಪನ ಮನೆಗೆ ಹೋಗಿದ್ದ. ಹಣಮಪ್ಪನದು ಕುರಿ ಕಾಯುವ ಮನೆತನ. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ನದಿಯಲ್ಲಿ ತೊಳೆಯುವ ದಿನ ಅದು. ನೂರು ಕುರಿ ಈಸಾಡಿಸಿ ದಣಿದು ಕಾಡಸಿದ್ದ ಮೇಲಿನ ಮಡುವಿನ ಕಡೆ ಹೋದಾಗ, ಬಂಡೆಯ ಮೇಲೆ ಒಬ್ಬ ಹುಡುಗಿ ಹರಿದ ಬಿಳಿಯ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡುತ್ತ ಕೂತಿದ್ದಳು. ಅವಳು ಬಂಡೆಗಿಂತ ಒಂದು ಗೇಣು ಮೇಲೆ ಕೂತಿದ್ದಳು. ಕಾಡಸಿದ್ದ ಅದನ್ನು ಗಮನಿಸಲಿಲ್ಲ. ನೇಯುವವನ ಕಣ್ಣು ಮೊದಲು ಬಟ್ಟೆಗೆ ಹೋಗುತ್ತದೆ.

"ಹೊಕ್ಕು ಭಾಳ ಸಡಲ ಬಿದ್ದೈತಿ," ಎಂದ. "ಯಾವ ಶೆಡ್ಡಿನ ಮಾಲು ಇದು?"

"ಇದು ಬೆಳದಿಂಗಳದಾಗ ನೇಯ್ದದ್ದು," ಎಂದಳು ಹುಡುಗಿ, ಬಿಗುಮಾನದಿಂದ.

"ಅದಕ್ಕ ಮತ್ತ! ದೀಪಾ ಹಚ್ಚದ ನೇಯ್ದರ ಹಿಂಗ ಆಗೂದು."

ಮುನ್ನೂರು ವರ್ಷಗಳಲ್ಲಿ ಅವಳನ್ನು ಕಂಡ ಗಂಡಸರು ಎರಡೇ ಕೆಲಸ ಮಾಡಿದ್ದರು. ಕೈಮುಗಿದು ಹಸಿರು ಬಳೆ ಇಟ್ಟು ಹೋಗಿದ್ದರು, ಇಲ್ಲವೇ ಮನೆಗೆ ಹೋಗಿ ಜ್ವರ ಬಂದು ಮಲಗಿದ್ದರು. ಅವಳ ಸೀರೆಗೆ ಹೆಸರಿಟ್ಟವನು ಇವನೊಬ್ಬನೇ. ಅವಳಿಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ, ಇವನು ಇನ್ನೊಮ್ಮೆ ಬಂದು ಬೈಯಲಿ ಎಂದು ಆಸೆಯಾಯಿತು.

ಅವನು ಬಂದ. ಮುಂದಿನ ಐತವಾರ ಇಚಲಕರಂಜಿಯಿಂದ ಎಸ್.ಟಿ. ಬಸ್ಸು ಹಿಡಿದು, ತನ್ನ ಕೈಯಾರೆ ನೇಯ್ದ ಆರು ಗಜ ಬಿಳಿ ಪಾಪಲೀನ್ ತಂದು ಬಂಡೆಯ ಮೇಲಿಟ್ಟ. ಅವಳು ಉಟ್ಟು ನೋಡಿದಳು. "ಬೆಳದಿಂಗಳ ಸೀರ್ಯಾಗ ಗಾಳಿ ಹೊಗತಿತ್ತು," ಎಂದಳು. "ಇದರಾಗ ಹೊಗಂಗಿಲ್ಲ." ಕಾಡಸಿದ್ದನಿಗೆ ಜೀವನದಲ್ಲಿ ಯಾರೂ ಅಷ್ಟು ದೊಡ್ಡ ಮೆಚ್ಚುಗೆಯ ಮಾತು ಹೇಳಿರಲಿಲ್ಲ; ಶೆಡ್ಡಿನ ಮಾಲೀಕ ತಪ್ಪು ಕಂಡಾಗ ಮಾತ್ರ ಬಾಯಿ ತೆರೆಯುವವನು. ಮೂರನೆಯ ಐತವಾರ ಅವನು ಕೇಳಿಯೇಬಿಟ್ಟ.

"ನನ್ನ ಮದಿವಿ ಆಗತಿಯೇನ?"

"ನೀ ಐವತ್ತ ಅರವತ್ತ ವರ್ಷದಾಗ ಸತ್ತಹೋಗತಿ."

"ಹೌದು," ಎಂದ ಕಾಡಸಿದ್ದ. "ನಮ್ಮ ಮನ್ಯಾಗ ಎಲ್ಲಾರೂ ಹಂಗ ಮಾಡತಾರ."

ಅವಳು ನಕ್ಕಳು. ಆ ನಗೆಗೆ ಮಡುವಿನ ನೀರು ಅಲುಗಾಡಿ, ಅದರೊಳಗಿಂದ ಹಿರಿಯಕ್ಕ ಸೊಂಟದವರೆಗೆ ಎದ್ದು ಬಂದಳು. ಏಳು ಜನರಲ್ಲಿ ಅವಳದೇ ಕಾರಭಾರ. ಅವಳು ಬೈಯಲಿಲ್ಲ, ಅಳಲಿಲ್ಲ. "ಹೊಸಲಿ ದಾಟಿದ ದಿನದಿಂದ ನೂರ ದಿನ," ಎಂದಳು. "ಅಷ್ಟರಾಗ ನಿನ್ನ ಹೆಸರು ಅವರ ಮನಿ ಒಲಿಗೆ ಸೇರಬೇಕು. ಸೇರಲಿಲ್ಲಂದ್ರ ನಾ ಬಂದ ಕರಕೊಂಡ ಹೋಗತೇನಿ. ಆಮ್ಯಾಲೆ ಇವನ ಮಾರಿ ನಿನ್ನ ನೆನಪಿನ್ಯಾಗ ಉಳಿಯಂಗಿಲ್ಲ."

ಒಲೆಗೆ ಹೆಸರು ಸೇರುವುದೆಂದರೇನು ಎಂದು ಕಾಡಸಿದ್ದ ಹಣಮಪ್ಪನನ್ನು ಕೇಳಿದ. ಹಣಮಪ್ಪ ಲೋಕ ಕಂಡವನು. "ರೇಶನ್ ಕಾರ್ಡೋ ಹುಚ್ಚಾ," ಎಂದ. "ಅದರಾಗ ಹೆಸರ ಇದ್ದವಗ ಸಕ್ಕರಿ, ಹೆಸರ ಇದ್ದವಗ ರಾಕೆಲ್ ಎಣ್ಣಿ. ಒಲಿ ಅಂದ್ರ ಮತ್ತೇನ?"

ನೂರು ದಿನವೆಂದರೆ ಬೇಕಾದಷ್ಟಾಯಿತು ಎಂದುಕೊಂಡ ಕಾಡಸಿದ್ದ. ಅವನ ಬಾಳಿನಲ್ಲಿ ಅವನು ಮಾಡಿದ ದೊಡ್ಡ ತಪ್ಪು ಅದೊಂದೇ.

ದುರ್ಗವ್ವ ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿ ಆರತಿ ಎತ್ತಿದಳು. ಸೊಸೆಯ ಕಾಲು ನೆಲದಿಂದ ಒಂದು ಬೆರಳು ಮೇಲಿರುವುದನ್ನೂ, ಅವಳ ನೆರಳು ಬೀಳದಿರುವುದನ್ನೂ ಕಂಡಳು. ಪಕ್ಕದ ಮನೆಯ ನಾಗೂಬಾಯಿಯೂ ಕಂಡಳು.

"ದುರ್ಗವ್ವಾ, ನಿನ್ನ ಸೊಸಿಗೆ ನೆಳ್ಳ ಇಲ್ಲಲ್ಲಬೇ!"

"ಇರಲಿ ಬಿಡ," ಎಂದಳು ದುರ್ಗವ್ವ. "ನಿನ್ನ ಸೊಸಿಗೆ ನಾಚಿಕಿ ಇಲ್ಲ, ನಾ ಏನರ ಅಂದೇನೇನ?" ಸೊಸೆಯ ನಿಜವಾದ ಹೆಸರು ಕಲ್ಲಿನ ಕೆಳಗೆ ನೀರು ಸರಿಯುವ ಒಂದು ಸಪ್ಪಳವಾಗಿದ್ದು, ಅದನ್ನು ಕರೆಯಲು ಬಾಯಲ್ಲಿ ನೀರು ತುಂಬಿಕೊಳ್ಳಬೇಕಾಗುತ್ತಿತ್ತು. ಆದ್ದರಿಂದ ದುರ್ಗವ್ವ ಅವಳಿಗೆ ಛಾಯಾ ಎಂದು ಹೆಸರಿಟ್ಟಳು. ಮೈಗೆ ಇಲ್ಲದ್ದು ಹೆಸರಿಗಾದರೂ ಇರಲಿ ಎಂದು.

ಹೊಸಲು ದಾಟಿದ ಒಂದು ತಾಸಿನೊಳಗೆ ಮೂವರೂ ಕಚೇರಿಯಲ್ಲಿದ್ದರು.

ಕಚೇರಿಯ ಕಾರಕೂನ ಜಿನಪಾಲ. ಅವನು ಲಂಚ ಮುಟ್ಟುವವನಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹಸಿರು ಹೊದಿಕೆಯ ನಿಯಮಪುಸ್ತಕವೊಂದು ಅವನ ಮೇಜಿನ ಮೇಲಿತ್ತು. ಅದರ ಮೇಲೆ ಊಟದ ಡಬ್ಬಿ ಇಡುವುದಿರಲಿ, ಕೈ ತೊಳೆಯದೆ ಅದನ್ನು ಮುಟ್ಟುತ್ತಲೂ ಇರಲಿಲ್ಲ. ಕಚೇರಿಯ ಮುಖ್ಯಾಧಿಕಾರಿ ಭೀಮಗೊಂಡ ಸಾಹೇಬರು ಒಳಗಿನ ಕೋಣೆಯಲ್ಲಿರುತ್ತಿದ್ದರು. ಅವರು ಮುಟ್ಟುವವರು.

"ಯಾ, ಬಸಾ," ಎಂದು ಮರಾಠಿಯಲ್ಲಿ ಕೂಡಿಸಿ ಜಿನಪಾಲ ಫಾರ್ಮು ತೆಗೆದ. "ವಧುವಿನ ಊರು?"

"ನೀರು," ಎಂದಳು ಛಾಯಾ.

"ಯಾವ ರಾಜ್ಯದ ನೀರು?"

"ಆಜರಾದಿಂದ ಗಡಹಿಂಗ್ಲಜ ದಾಟೂತನಕಾ ಮಹಾರಾಷ್ಟ್ರ. ಮುಂದ ಕರ್ನಾಟಕ. ನಾವು ದಿನಾ ಹೋಗಿ ಬಂದು ಮಾಡತೇವಿ."

"ಮಾತೃಭಾಷೆ?"

"ಮ್ಯಾಲಿನ ನೀರಾಗ ಮರಾಠಿ, ಕೆಳಗಿನ ನೀರಾಗ ಕನ್ನಡ. ಗಡಿ ಬಂದಾಗ ಸುಮ್ಮನಿರತೇವಿ."

ಜಿನಪಾಲ 'ವಿವಾದಿತ' ಎಂದು ಬರೆದುಕೊಂಡ. "ವಯಸ್ಸು? ಹದಿನೆಂಟು ತುಂಬಿರಬೇಕು."

"ತುಂಬೇತ್ರಿ," ಎಂದಳು ದುರ್ಗವ್ವ ಚುಟುಕಾಗಿ.

"ಹಂಗಾರ ಏನೂ ತೊಂದರಿ ಇಲ್ಲ," ಎಂದ ಜಿನಪಾಲ. "ತವರುಮನಿ ರೇಶನ್ ಕಾರ್ಡಿನ್ಯಾಗಿಂದ ಹೆಸರ ಕಡಿಮಿ ಮಾಡಿದ ದಾಖಲಾ ತಂದ ಕೊಡ್ರಿ. ಆತು."

ತವರುಮನೆಯಲ್ಲಿ ರೇಶನ್ ಕಾರ್ಡೇ ಇಲ್ಲ ಎಂದಳು ಛಾಯಾ. ಜಿನಪಾಲ ಕೈ ತೊಳೆದು ಬಂದು ಪುಸ್ತಕ ತೆರೆದ. ಹೆಸರು ಕಡಿಮೆಯಾಗಬೇಕಾದರೆ ಮೊದಲು ಅದು ಇರಬೇಕು. ಇರಬೇಕಾದರೆ ಮಡುವಿನ ವಿಳಾಸಕ್ಕೆ ಹೊಸ ಕಾರ್ಡು ಮಾಡಿಸಬೇಕು. ಅದಕ್ಕೆ ಮಡು ಯಾವ ಖಾತೆಯ ಸ್ವತ್ತು ಎಂಬ ಪತ್ರ ಬೇಕು. ಮತ್ತು ನೀರಿನಲ್ಲಿ ವಾಸಿಸುವ ವ್ಯಕ್ತಿ ಮೀನು ಅಲ್ಲ ಎಂಬ ಪ್ರಮಾಣಪತ್ರ. ಅಷ್ಟರಲ್ಲಿ ಅವನ ಕಣ್ಣು ಛಾಯಾಳ ಕಾಲಿನ ಕಡೆ ಹೋಯಿತು. "ಮತ್ತ ಪಕ್ಷಿ ಅಲ್ಲ ಅಂತನೂ ಒಂದು ತರ್ರಿ," ಎಂದ. "ಹೋಗಿ ಬರ್ರಿ."

ಅವರು ಹೋಗಿ ಬಂದರು. ಜೂನ್, ಜುಲೈ, ಆಗಸ್ಟ್ ಪೂರ್ತಿ ಅವರು ಹೋಗಿ ಬರುತ್ತಲೇ ಇದ್ದರು.

ನೀರಾವರಿ ಖಾತೆಯವರು ನದಿಯ ನೀರು ಮಾತ್ರ ತಮ್ಮದು, ತಳ ತಮ್ಮದಲ್ಲ ಎಂದರು. ಕಂದಾಯದವರು ತಳ ತಮ್ಮದು, ಆದರೆ ನೀರು ತೆಗೆದು ತೋರಿಸಿದರೆ ಮಾತ್ರ ಅಳೆಯಬಹುದು ಎಂದರು. ಕೊಲ್ಹಾಪುರದ ಮೀನುಗಾರಿಕೆ ಕಚೇರಿಯಲ್ಲಿ ಛಾಯಾಳನ್ನು ಟೇಪಿನಿಂದ ಅಳೆದು, ಒಂದೂವರೆ ಅಡಿಗಿಂತ ಉದ್ದವಿದ್ದಾಳಾದ್ದರಿಂದ ಹಿಡಿಯಲು ಅಡ್ಡಿಯಿಲ್ಲ, ಆದರೆ ಮಳೆಗಾಲದಲ್ಲಿ ಹಿಡಿದದ್ದು ಅಪರಾಧ ಎಂದರು. ಕಾಡಸಿದ್ದ ತಾನು ಹಿಡಿದದ್ದು ಬೇಸಿಗೆಯಲ್ಲಿ ಎಂದು ಬರೆದುಕೊಟ್ಟು ಪಾರಾದ. ಅರಣ್ಯ ಖಾತೆಯ ಒಬ್ಬ ಅಧಿಕಾರಿ ಕನ್ನಡಕ ಏರಿಸಿ, "ಇವರು ತತ್ತಿ ಇಡತಾರೇನು?" ಎಂದು ಕೇಳಿದಾಗ ದುರ್ಗವ್ವ, "ನಮ್ಮ ಮನ್ಯಾಗ ಅಂಥಾ ಪದ್ಧತಿ ಇಲ್ರಿ," ಎಂದಳು. ಅದನ್ನೇ ಹೇಳಿಕೆಯಾಗಿ ದಾಖಲಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಪಕ್ಷಿಯಲ್ಲವೆಂದು ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟರು. ಮೂರು ತಿಂಗಳಲ್ಲಿ ರೆಕ್ಕೆ ಬಂದರೆ ಅದು ರದ್ದಾಗತಕ್ಕದ್ದು.

ಈ ನಡುವೆ ಛಾಯಾ ಮೇಲೇರುತ್ತಿದ್ದಳು. ಮೊದಲ ವಾರ ಒಂದು ಬೆರಳಿದ್ದದ್ದು ಜುಲೈ ಹೊತ್ತಿಗೆ ಮೊಳವಾಯಿತು. ಒಲೆಗೆ ಹೆಸರು ಸೇರದವಳನ್ನು ಮನೆಯ ನೆಲ ಹಿಡಿಯದು ಎಂದು ಅವಳಿಗೆ ಗೊತ್ತಿತ್ತು. ಅವಳು ಅದನ್ನು ಹೇಳಲಿಲ್ಲ. ಅಟ್ಟದ ಮೇಲಿನ ಡಬ್ಬಿಗಳನ್ನು ಸುಲಭವಾಗಿ ಇಳಿಸಿ ಕೊಡುತ್ತ, "ನೋಡ್ರಿ ಅತ್ತಿ, ಏಣಿ ಬ್ಯಾಡಾತು," ಎನ್ನುತ್ತಿದ್ದಳು. ದುರ್ಗವ್ವ ಕಿರಾಣಿ ಅಂಗಡಿಯಿಂದ ಅರ್ಧ ಕಿಲೋದ ತೂಕದ ಕಲ್ಲು ಕಡವಾಗಿ ತಂದು ಸೊಸೆಯ ಸೆರಗಿಗೆ ಕಟ್ಟಿದಳು, ಆಮೇಲೆ ಎರಡು ಕಿಲೋದ್ದು. ಓಣಿಯ ಹೆಂಗಸರು ಅದನ್ನು ಹೊಸ ಫ್ಯಾಶನ್ನೆಂದು ತಿಳಿದು, ಗೌರಿ ಹಬ್ಬಕ್ಕೆ ನಾಲ್ಕಾರು ಮಂದಿ ಸೆರಗಿಗೆ ತೂಕದ ಕಲ್ಲು ಕಟ್ಟಿಕೊಂಡೇ ಅರಿಷಿಣ ಕುಂಕುಮಕ್ಕೆ ಬಂದರು.

ಕಾಡಸಿದ್ದ ಮಾತ್ರ ಮಗ್ಗದ ಮುಂದೆ ನಿಂತಾಗ ಲಾಳಿ ಓಡುವುದನ್ನು ನೋಡುತ್ತಿರಲಿಲ್ಲ, ದಿನ ಎಣಿಸುತ್ತಿದ್ದ. ಅವನ ಬಟ್ಟೆಯಲ್ಲಿ ಮೊದಲ ಬಾರಿ ಹೊಕ್ಕು ತಪ್ಪಿತು. ಎಂಬತ್ತನೆಯ ದಿನ ಅವನು ಹಾಸಿನ ನೂಲನ್ನು ಎಂಟು ಎಳೆ ಹೊಸೆದು ಹಗ್ಗ ಮಾಡಿ, ಒಂದು ತುದಿ ಅವಳ ಸೊಂಟಕ್ಕೂ ಇನ್ನೊಂದು ತನ್ನ ಮಣಿಕಟ್ಟಿಗೂ ಕಟ್ಟಿದ.

"ಹರದರ?" ಎಂದಳು ಛಾಯಾ ಮೇಲಿನಿಂದ.

"ನಾ ಹೊಸದದ್ದು ಹರಿಯಂಗಿಲ್ಲ," ಎಂದ. ಆದರೂ ಗಂಟನ್ನು ಇನ್ನೊಮ್ಮೆ ಬಿಗಿದ.

ಕೊನೆಗೆ ಅವರು ಭೀಮಗೊಂಡ ಸಾಹೇಬರ ಕೋಣೆ ಹೊಕ್ಕರು. ಸಾಹೇಬರು ಫೈಲನ್ನು ತೆರೆಯಲಿಲ್ಲ, ತೂಗಿ ನೋಡಿದರು. "ಆಸರಾಗಳು ವರಾ ಕೊಡತಾರ ಅಂತ ಕೇಳೇನಿ," ಎಂದರು.

"ಒಂದಽ ವರಾ ಕೊಡಬಹುದ್ರಿ," ಎಂದಳು ಛಾಯಾ. "ನನಗ, ನನ್ನ ಮನಿ ಮಂದಿಗೆ ಅದು ನಡಿಯಂಗಿಲ್ಲ. ಹೊರಗಿನವರಿಗೆ ಕೊಡಬಹುದು."

"ಹಂಗಾರ ನನಗೊಂದು ಸ್ಕೂಟರ್ ಬೇಕು."

ಛಾಯಾ ಬೆರಳು ಮಡಚಿ ಲೆಕ್ಕ ಹಾಕಿ ತಲೆಯಾಡಿಸಿದಳು. "ಸ್ಕೂಟರ್ ಆಗಂಗಿಲ್ರಿ. ಅದಕ್ಕ ಹತ್ತ ವರ್ಷದ ಪಾಳಿ ಐತಿ. ಮಳಿ ಬೇಕಂದ್ರ ತರಸತೇನಿ. ಸಾವಿಲ್ಲದಂಗ ಮಾಡಂದ್ರ ಮಾಡತೇನಿ."

ಸಾವಿಲ್ಲದಿದ್ದರೂ ಐವತ್ತೆಂಟಕ್ಕೆ ನಿವೃತ್ತಿ ತಪ್ಪುವುದಿಲ್ಲವಾದ್ದರಿಂದ ಭೀಮಗೊಂಡ ಸಾಹೇಬರು ಅದನ್ನು ತಳ್ಳಿಹಾಕಿದರು. ಬಾಗಿಲು ಹಾಕಿಸಿ, ಸಣ್ಣ ದನಿಯಲ್ಲಿ, "ಈ ಕುರ್ಚಿ ನನ್ನ ಬಿಟ್ಟ ಹೋಗಬಾರದು," ಎಂದರು. ಛಾಯಾ ಆಗಲಿ ಎಂದಳು.

ಅಂದು ಸಂಜೆ ಸಾಹೇಬರು ಮನೆಗೆ ಹೋಗಲು ಎದ್ದಾಗ ಕುರ್ಚಿಯೂ ಎದ್ದಿತು. ಅಂಟಿಕೊಂಡ ಕುರ್ಚಿಯೊಂದಿಗೆ ಅವರು ಬಾಗಿಲು ದಾಟಿದರು, ರಸ್ತೆ ದಾಟಿದರು. ಮರುದಿನ ಕೊಲ್ಹಾಪುರದ ಸಭೆಗೆ ಹೋಗುವಾಗ ಬಸ್ಸಿನ ಕಂಡಕ್ಟರ್ ಕುರ್ಚಿಗೆ ಲಗೇಜಿನ ಟಿಕೀಟು ಹರಿದ. ಸಭೆಯಲ್ಲಿ ಎಲ್ಲರಿಗೂ ಕುರ್ಚಿ ಸಾಲದೆ ಬಂದಾಗ, ತನ್ನದನ್ನು ತಾನೇ ತಂದ ಏಕೈಕ ಅಧಿಕಾರಿ ಎಂದು ಅವರನ್ನು ಮೆಚ್ಚಿದರು. ಕುರ್ಚಿಯೊಡನೆ ತಿರುಗುವುದು ಹುದ್ದೆಯ ಲಕ್ಷಣವೆಂದು ಜನರೂ ಒಪ್ಪಿಕೊಂಡರು. ಫೈಲು ಮಾತ್ರ ಇದ್ದಲ್ಲೇ ಇತ್ತು. ಸಾಹೇಬರು ವರದ ಸಂತೋಷದಲ್ಲಿ ಸಹಿ ಮಾಡುವುದನ್ನು ಮರೆತಿದ್ದರು; ನೆನಪಿಸಿದಾಗ, ಸಹಿಗೆ ಬೇರೆ ವರ ಬೇಕಾಗುತ್ತದೆ ಎಂದರು.

ನೂರನೆಯ ದಿನ ಸೆಪ್ಟೆಂಬರ್ ಎಂಟು, ಮಂಗಳವಾರ. ಕಚೇರಿ ತೆರೆಯುವ ಮೊದಲೇ ಕಾಡಸಿದ್ದ ಬಂದು ನಿಂತಿದ್ದ. ಹಗ್ಗದ ಇನ್ನೊಂದು ತುದಿಯಲ್ಲಿ ಛಾಯಾ ಕಚೇರಿಯ ಸೂರಿಗೆ ಬೆನ್ನು ತಾಗಿಸಿ ತೇಲುತ್ತಿದ್ದಳು. ಜಿನಪಾಲ ಸುರಕ್ಷತೆಯ ದೃಷ್ಟಿಯಿಂದ ಫ್ಯಾನು ಬಂದ್ ಮಾಡಿಸಿದ್ದ. ಪಾಳಿಯಲ್ಲಿದ್ದ ವಧುಗಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ದುರ್ಗವ್ವ ಮೊದಲ ಬಾರಿ ಅಳುತ್ತಿದ್ದಳು.

ಹನ್ನೆರಡು ಗಂಟೆಗೆ, ಊಟದ ಬಿಡುವಿಗೆ ಇನ್ನೂ ಒಂದು ತಾಸು ಇರುವಾಗ, ಹೊಸಲಿನ ಕೆಳಗಿಂದ ನೀರು ಹರಿದು ಬಂತು. ನೀರಿನ ಹಿಂದೆ ಹಿರಿಯಕ್ಕ ಬಂದಳು.

"ದಿನ ತುಂಬೇತಿ. ನಡಿ ತಂಗಿ," ಎಂದಳು.

ಹಗ್ಗ ಬಿಗಿಯಾಯಿತು. ಕಾಡಸಿದ್ದ ಎರಡೂ ಕೈಯಿಂದ ಹಿಡಿದ. ಛಾಯಾ ಅವನ ಮುಖವನ್ನೇ ನೋಡುತ್ತಿದ್ದಳು, ಹಣೆಯಿಂದ ಗದ್ದದವರೆಗೆ, ಬಟ್ಟೆಯಲ್ಲಿ ತಪ್ಪು ಹುಡುಕುವವರು ನೋಡುವಂತೆ, ಒಂದು ಎಳೆಯನ್ನೂ ಬಿಡದೆ.

"ಓ ತಾಯಿ," ಎಂದ ಜಿನಪಾಲ ತಲೆಯೆತ್ತದೆ. "ಪಾಳಿಗೆ ಬರ್ರಿ. ಹೆಸರು? ಅರ್ಜಿದಾರರಿಗೆ ಏನಾಗಬೇಕು ನೀವು?"

"ನಾ ಹಿರಿಯಾಕಿ. ಇವಳನ್ನ ಒಯ್ಯಾಕ ಬಂದೇನಿ."

"ಹಂಗ ಒಯ್ಯಾಕ ಬರಂಗಿಲ್ರಿ. ನಿಯಮ ಹದಿನಾಲ್ಕು, ಬ: 'ಪ್ರಕರಣವು ಪ್ರಲಂಬಿತವಿರುವಾಗ, ಅಂದರೆ ತೀರ್ಮಾನ ಬಾಕಿಯಿರುವಾಗ, ಅರ್ಜಿದಾರರು ಅಥವಾ ಅರ್ಜಿಯ ವಿಷಯವು ಕಾರ್ಯಕ್ಷೇತ್ರವನ್ನು ಬಿಟ್ಟು ಹೋಗತಕ್ಕದ್ದಲ್ಲ.' ಮ್ಯಾಲಕ್ಕ ಹೋಗೂದೂ ಬಿಟ್ಟು ಹೋಗೂದಽ."

"ನೂರ ದಿನದ ಮಾತ ಆಗೇತಿ!"

"ಬರವಣಿಗಿ ಐತೇನು?"

"ಮಾತು ಕೊಟ್ಟದ್ದು."

"ಮಾತು ಇಲ್ಲಿ ನಡಿಯಂಗಿಲ್ಲ. ಅಲ್ಲದ ನೂರು ದಿನಾ ಎಲ್ಲಿ ಆಗ್ಯಾವ್ರಿ?" ಜಿನಪಾಲ ಗೋಡೆಯ ಕ್ಯಾಲೆಂಡರಿಗೆ ಹೋದ. "ಐತವಾರ ಹದಿನಾಲ್ಕು, ಎರಡನೇ ನಾಲ್ಕನೇ ಶನಿವಾರ ಆರು, ಹಬ್ಬ ಐದು, ನಮ್ಮ ಮುಷ್ಕರ ನಾಲ್ಕು ದಿನ. ಕೆಲಸದ ದಿನ ಎಪ್ಪತ್ತೊಂದಽ."

ಹಿರಿಯಕ್ಕನ ಕಣ್ಣು ಕೆಂಪಾದವು. ಕಚೇರಿಯ ನೀರು ಮೊಣಕಾಲಿಗೆ ಏರಿತು. "ಊರಽ ಮುಳಗಸ್ತೇನಿ!"

"ಮುಳುಗಡೆ ಆದರ ಪುನರ್ವಸತಿಯವರು ನೋಡತಾರ. ಅವರ ಕಚೇರಿ ಕೊಲ್ಹಾಪುರದಾಗ," ಎಂದ ಜಿನಪಾಲ, ನಿಯಮಪುಸ್ತಕವನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು. "ಶಾಪ ಹಾಕೂದಿದ್ದರ ಮೂರು ಪ್ರತಿ."

ಗಲಾಟೆ ಕೇಳಿ ಒಳಗಿನಿಂದ ಭೀಮಗೊಂಡ ಸಾಹೇಬರು ಕುರ್ಚಿಸಮೇತ ನೀರು ತುಳಿಯುತ್ತ ಬಂದರು. ಅವರ ಹಿಂಭಾಗವನ್ನು ಕಂಡು ಹಿರಿಯಕ್ಕ ಕತ್ತು ವಾಲಿಸಿ ಕುರ್ಚಿಯ ಕಾಲು ಎಣಿಸಿದಳು. ಆ ಕ್ಷಣದಲ್ಲೇ ಜಿನಪಾಲ, ಕಾಡಸಿದ್ದನ ಕಡೆಗೂ ಸೂರಿನ ಕಡೆಗೂ ನೋಡಿ, ತನ್ನ ಆರು ವರ್ಷದ ಸೇವೆಯಲ್ಲಿ ಎಂದೂ ಆಡದ ಮಾತೊಂದನ್ನು ಆಡಿದ. ಅವನು ಯಾವಾಗಲೂ ಹೇಳುತ್ತಿದ್ದದ್ದು 'ಹೋಗಿ ಬರ್ರಿ' ಎಂದು. ಈ ಸಲ, "ಅಕ್ಕಾರ, ಮ್ಯಾಲಿಂದ ಹುಕುಂ ಬರೂತನಕಾ ನೀವೂ ನಿಮ್ಮ ತಂಗಿನೂ ಇಲ್ಲೇ ಕಾಯ್ರಿ," ಎಂದ.

ನೀರು ನಿಂತಿತು.

"ಏನಂದಿ?" ಎಂದಳು ಹಿರಿಯಕ್ಕ.

"ಕಾಯ್ರಿ ಅಂದೆ."

ಹಿರಿಯಕ್ಕ ನಿಧಾನವಾಗಿ ಬೆಂಚಿನ ಮೇಲೆ ಕೂತಳು. "ನಮ್ಮಲ್ಲಿ ಒಂದು ಕಟ್ಟಳಿ ಐತಿ," ಎಂದಳು. "ನೀರಿಗಿಂತ ಹಳೇದು. ಕಾಯಿ ಅಂತ ಹೇಳಿ ಕೂಡಿಸಿದವರನ್ನ, ಆ ಕಾಯೂದು ತೀರೂತನಕಾ ಯಾರೂ ಎಬ್ಬಸಂಗಿಲ್ಲ, ನೆಲಾ ಬಿಡಸಂಗಿಲ್ಲ. ಹುಕುಂ ಯಾವಾಗ ಬರತೈತಿ?"

"ಮ್ಯಾಲಿಂದ ಯಾವಾಗ ಬರತೈತಿ ಅಂತ ಈತನಕಾ ಯಾರಿಗೂ ತಿಳಿದಿಲ್ರಿ," ಎಂದ ಜಿನಪಾಲ ಪ್ರಾಮಾಣಿಕವಾಗಿ.

ಹಗ್ಗ ಸಡಿಲವಾಯಿತು. ಛಾಯಾ ಸೂರಿನಿಂದ ಫ್ಯಾನಿಗೆ, ಫ್ಯಾನಿನಿಂದ ಮೇಜಿಗೆ ಇಳಿದು, ಮೇಜಿನಿಂದ ನೆಲಕ್ಕೆ ಬಂದು, ಹುಟ್ಟಿದ ಮೇಲೆ ಮೊದಲ ಬಾರಿ ಕಾಲೂರಿ ನಿಂತಳು. ನೀರೊಳಗಿನ ಹಾಸುಗಲ್ಲು ಅವಳಿಗೆ ತಣ್ಣಗೆ ತಾಗಿತು. ಕಾಡಸಿದ್ದ ಎಲ್ಲರ ಎದುರಿಗೇ ಅವಳ ಕೈ ಹಿಡಿದ. ವಧುಗಳು ನೀರಿನಿಂದ ಮಕ್ಕಳನ್ನು ಎತ್ತಿಕೊಂಡು, ಪಾಳಿ ತಪ್ಪಬಾರದೆಂದು ಮತ್ತೆ ತಮ್ಮ ತಮ್ಮ ಜಾಗಕ್ಕೆ ನಿಂತರು.

ಹಿರಿಯಕ್ಕ ತಂಗಿಯನ್ನು ಮರಳಿ ಪಡೆಯುವ ಅರ್ಜಿಯ ಫಾರ್ಮು ತೆಗೆದುಕೊಂಡಳು. ಅದಕ್ಕೆ ತಾವು ಅಕ್ಕತಂಗಿಯರೆಂಬ ದಾಖಲೆಯಾಗಿ ಮಡುವಿನ ರೇಶನ್ ಕಾರ್ಡು ಲಗತ್ತಿಸಬೇಕಾಗಿತ್ತು. ಆಮೇಲೆ ತಿಂಗಳಿಗೊಮ್ಮೆ ಯಾರಾದರೊಬ್ಬ ಆಸರಾ ಬಂದು ಪಾಳಿಯಲ್ಲಿ ನಿಂತು, ತಂಗಿಯ ಮನೆಯಲ್ಲಿ ಝುಣಕ ಭಾಕ್ರಿ ಉಂಡು ಹೋಗುವುದು ರೂಢಿಯಾಯಿತು.

ಒಂದೂವರೆ ವರ್ಷ ಹೀಗೇ ಸುಖವಾಗಿ ನಡೆಯಿತು. ಭೀಮಗೊಂಡ ಸಾಹೇಬರಿಗೆ ಕೊಲ್ಹಾಪುರಕ್ಕೆ ಬಡ್ತಿ ಸಿಕ್ಕು, ಕುರ್ಚಿಯೊಡನೆ ಹೋದರು. ಅವರ ಜಾಗಕ್ಕೆ ಗುರುಸಿದ್ದ ಸಾಹೇಬರು ಬಂದರು. ಅವರ ಬಗ್ಗೆ ಊರಿಗೆ ಮುಂಚೆಯೇ ಒಂದು ಭಯಾನಕ ಸುದ್ದಿ ಬಂದಿತ್ತು: ಅವರು ಕೆಲಸ ಮಾಡುತ್ತಾರೆ. ಅವರ ಕೈಯಲ್ಲಿ ಮೇಲಿನ ಹುಕುಂ ಇತ್ತು. ಕಚೇರಿಯ ಬಾಗಿಲಿಗೆ ಸೂಚನೆ ಅಂಟಿಸಿದರು: 'ಪ್ರಲಂಬಿತ ಪ್ರಕರಣ ನಿವಾರಣ ಸಪ್ತಾಹ. ಏಳು ದಿನಗಳೊಳಗಾಗಿ ಸರ್ವ ಅರ್ಜಿಗಳನ್ನು ಮಂಜೂರು ಅಥವಾ ನಾಮಂಜೂರು ಮಾಡಲಾಗುವುದು. ಯಾರೂ ಕಾಯುವ ಅಗತ್ಯವಿಲ್ಲ.'

ಕೊನೆಯ ಸಾಲು ಓದಿ ಕಾಡಸಿದ್ದ ಮನೆಯ ಕಡೆ ಓಡಿದ. ಅದೇ ಸಂಜೆ ಛಾಯಾಳ ಕಾಲು ನೆಲದಿಂದ ಒಂದು ಕೂದಲೆಳೆ ಎದ್ದಿತು. ಅವಳು ಆಗ ಏಳು ತಿಂಗಳ ಬಸುರಿ.

ಗುರುಸಿದ್ದ ಸಾಹೇಬರು ಮೊದಲ ಮೂರು ದಿನಗಳಲ್ಲಿ ನಾನೂರಾ ಹನ್ನೆರಡು ವಧುಗಳನ್ನು ನೋಂದಾಯಿಸಿದರು. ಇನ್ನು ಏನು ಮಾಡಬೇಕೆಂದು ತಿಳಿಯದ ಕೆಲವು ವಧುಗಳು ರೂಢಿಯಂತೆ ಬಂದು, ಪಾಳಿಯಿಲ್ಲದ ಅಂಗಳ ನೋಡಿ ಬೇಜಾರಾಗಿ ಹೋದರು. ನಾಲ್ಕನೆಯ ದಿನದಿಂದ ಸಾಹೇಬರು ನಾನೂರಾ ಹದಿಮೂರನೆಯದನ್ನು ಓದತೊಡಗಿದರು, ನಿಂತುಕೊಂಡೇ, ಏಕೆಂದರೆ ಆ ಕೋಣೆಯಲ್ಲಿ ಈಗ ಕುರ್ಚಿ ಇರಲಿಲ್ಲ. ಏಳನೆಯ ದಿನ ಗಂಡ ಹೆಂಡಿರನ್ನು ಕರೆಸಿದರು.

"ನಾ ಪೂರಾ ಓದೇನಿ," ಎಂದರು. "ಮಂಜೂರ ಮಾಡಾಕ ಕಾಯದೆದಾಗ ಒಂದೂ ದಾರಿ ಇಲ್ಲ. ನಾಮಂಜೂರ ಮಾಡಬೇಕು. ನಿಮ್ಮ ಹೇಳಿಕಿ ಏನರ ಐತೇನು?"

ಛಾಯಾಳೇ ಹೇಳಿದಳು. "ನಾಮಂಜೂರ ಆದರ ನಾ ಮಡುವಿಗೆ ಹೋಗತೇನ್ರಿ. ಹೋದಮ್ಯಾಲೆ ಇವರ ಮಾರಿ ಮರೀತೇನಿ, ನನಗ ತ್ರಾಸ ಇಲ್ಲ. ಇವರು ಮರಿಯಂಗಿಲ್ಲ. ಅದು ಬರೋಬರಿ ಅಲ್ರಿ ಸಾಹೇಬ್ರ."

ಗುರುಸಿದ್ದ ಸಾಹೇಬರು ಕಿಟಕಿಯ ಕಡೆ ತಿರುಗಿ ನಿಂತರು. ಅವರು ಹುಟ್ಟಿದ ಮೇಲೆ ಸುಳ್ಳು ಹೇಳಿದವರಲ್ಲ. ಶಾಲೆಯಲ್ಲಿ ಕೂಡ ಹೊಟ್ಟೆನೋವೆಂದು ರಜೆ ಕೇಳಿದವರಲ್ಲ. ಆಮೇಲೆ, ಫೈಲನ್ನು ಕಂಕುಳಲ್ಲಿ ಹಿಡಿದುಕೊಂಡೇ, "ಜಿನಪಾಲ, ಇವರ ಫೈಲು ಎಲ್ಲಿ?" ಎಂದರು.

"ತಮ್ಮ ಕಂಕುಳಾಗ ಐತ್ರಿ."

"ನನಗ ಕಾಣವಲ್ದು."

ಜಿನಪಾಲ ಫೈಲನ್ನು ನೋಡಿದ, ಸಾಹೇಬರನ್ನು ನೋಡಿದ, ನೆಲದಿಂದ ಎದ್ದಿದ್ದ ಎರಡು ಕಾಲುಗಳನ್ನು ನೋಡಿದ. ಅವನ ಬೆವರು ನಿಯಮಪುಸ್ತಕದ ಮೇಲೆ ಬಿತ್ತು. "ನನಗೂ ಕಾಣವಲ್ದ್ರಿ," ಎಂದ.

ಸಾಹೇಬರು ಟಿಪ್ಪಣಿ ಬರೆದರು: 'ಕ್ರಮಾಂಕ ೪೧೩: ಕಡತ ಸಿಗುತ್ತಿಲ್ಲ. ಶೋಧ ನಡೆದಿದೆ. ಸಿಗುವವರೆಗೆ ಅರ್ಜಿದಾರರು ಕಾಯತಕ್ಕದ್ದು.' ಛಾಯಾಳ ಹಿಮ್ಮಡಿ ನೆಲಕ್ಕೆ ಟಪ್ಪೆಂದು ತಾಗಿದ್ದು ಹೊರಗಿನವರಿಗೂ ಕೇಳಿಸಿತು. ಸಾಹೇಬರು ಕೊನೆಗೂ ಕೆಲಸ ಕಲಿತರೆಂದು ಸಿಬ್ಬಂದಿಯವರು ಪೇಢೆ ಹಂಚಿದರು.

ಆಜ್ಞೆಯ ಪ್ರಕಾರ ಶೋಧ ನಡೆಯಲೇಬೇಕಾದ್ದರಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಇಡೀ ಕಚೇರಿ ಫೈಲನ್ನು ಹುಡುಕುತ್ತದೆ. ಕಪಾಟಿನ ಹಿಂದೆ, ಮೇಜಿನ ಕೆಳಗೆ, ಗೋಣಿಚೀಲಗಳಲ್ಲಿ ಹುಡುಕಿ, ಸಿಗಲಿಲ್ಲವೆಂದು ಎಲ್ಲರೂ ಸಹಿ ಮಾಡುತ್ತಾರೆ. ಛಾಯಾ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಅವರಿಗೆ ಚಹಾ ತರುತ್ತಾಳೆ. ಬಿಸಿ ಕಪ್ಪಿನ ಕಲೆ ಸರಕಾರಿ ಮೇಜಿಗೆ ಬೀಳಬಾರದೆಂದು, ಜಿನಪಾಲ ಆ ಫೈಲನ್ನೇ ಕೆಳಗೆ ಹಾಸಿ ಕಪ್ಪುಗಳನ್ನು ಅದರ ಮೇಲೆ ಸಾಲಾಗಿ ಇಡುತ್ತಾನೆ.